ಜೆಟ್ ಬೋಟಿನ ಎಂಜಿನ್ ಚಳಿಗೆ ಸೀಳದಂತೆ ನೀರನ್ನು ಪೂರ್ತಿ ಖಾಲಿ ಮಾಡುವುದು ಹೇಗೆ?

ಪ್ರಶ್ನೆ: ಪೀಣ್ಯದ ಲೇತ್ (ಬಸವನಗುಡಿ)

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮತ್ತು ಬೋರಿಂಗ್ ಕೆಲಸ ನಡೆಸಿ ಈಗ ಮನೆಯಲ್ಲಿದ್ದೇನೆ. ಲಾರಿ, ಕಾರುಗಳ ಎಂಜಿನ್ ಬ್ಲಾಕುಗಳನ್ನು ಬೇಕಾದಷ್ಟು ಬಿಚ್ಚಿ ನೋಡಿದ್ದೇನೆ. ಆದರೆ ಇದು ನಮ್ಮ ಊರಿನ ಹವೆಯಲ್ಲಿ ಹುಟ್ಟುವ ಸಮಸ್ಯೆಯಲ್ಲವಾದ್ದರಿಂದ ಕೇಳುತ್ತಿದ್ದೇನೆ.

ಮಗಳು, ಅಳಿಯ ಅಮೆರಿಕದ ಮಿನೆಸೋಟದಲ್ಲಿದ್ದಾರೆ. ಅಳಿಯಂದಿರು ಈ ಬೇಸಿಗೆಯಲ್ಲಿ ಹಳೆಯದೊಂದು ಜೆಟ್ ಬೋಟ್ ಕೊಂಡರು. ಷೆವ್ರೊಲೆಯ 7.4 ಲೀಟರಿನ ವಿ-8 ಪೆಟ್ರೋಲ್ ಎಂಜಿನ್, ಅದಕ್ಕೆ ನೇರವಾಗಿ ಜೋಡಿಸಿದ, ನೀರನ್ನು ಹಿಂದಕ್ಕೆ ಚಿಮ್ಮಿ ಬೋಟನ್ನು ಓಡಿಸುವ ಬರ್ಕ್ಲಿ ಜೆಟ್ ಪಂಪು. ರೇಡಿಯೇಟರ್ ಇಲ್ಲ; ಪಂಪು ಕೆರೆಯ ನೀರನ್ನೇ ಬ್ಲಾಕಿನೊಳಕ್ಕೆ ತಳ್ಳುತ್ತದೆ, ಆ ನೀರು ಬಿಸಿಯಾಗಿ ಹೊರಗೆ ಹೋಗುತ್ತದೆ. ಬೋಟು ಚಳಿಗಾಲವಿಡೀ ಹೊರಗೆ ಟಾರ್ಪಾಲಿನಡಿ ನಿಲ್ಲಬೇಕು. ಅಲ್ಲಿ ಉಷ್ಣತೆ −20 ಡಿಗ್ರಿಗೂ ಕೆಳಗಿಳಿಯುವುದುಂಟು.

ಅವರ ನೆರೆಯವರ ಬೋಟಿನ ಬ್ಲಾಕು ಹಿಂದಿನ ಚಳಿಗಾಲದಲ್ಲಿ ಸೀಳಿದೆ. ಚಿತ್ರ ಕಳುಹಿಸಿದ್ದರು: ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಕೆಳಗೆ ಗೇಣುದ್ದದ, ಕೂದಲೆಳೆಯಂಥ ಗೆರೆ, ಅದರ ಗುಂಟ ತುಕ್ಕು ಒಸರಿದ ಗುರುತು. ಡಿಪ್‌ಸ್ಟಿಕ್ಕಿನ ಮೇಲಿನ ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಒಳ್ಳೆಯ ಎರಕದ ಬ್ಲಾಕು ಹೀಗೆ ಹಾಳಾದದ್ದನ್ನು ಕಂಡು ನಿಜಕ್ಕೂ ಸಂಕಟವಾಯಿತು.

ಬೋಟನ್ನು ನೀರಿನಿಂದ ಮೇಲೆತ್ತಿ ಒಂದೆರಡು ನಿಮಿಷ ಎಂಜಿನ್ ಓಡಿಸಿದರೆ ನೀರೆಲ್ಲ ತಾನೇ ಹೊರಹೋಗುತ್ತದೆ ಎಂದು ಅಳಿಯಂದಿರು ನಂಬಿದ್ದಾರೆ. ಅದು ಸರಿಯೇ? ಕಾರಿನ ಕೂಲಂಟನ್ನು ತುಂಬಿಬಿಟ್ಟರೆ ಸಾಕೇ? ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ನೀರು ಉಳಿದಿಲ್ಲವೆಂದು ಖಚಿತವಾಗಿ ತಿಳಿಯುವುದು ಹೇಗೆ?

ಉತ್ತರ 1: ದೋಣಿ ಶೆಡ್ಡು (ಮಲ್ಲೇಶ್ವರ)

ನಮಸ್ಕಾರ ಸಾರ್. ನಾನು ಮಿಶಿಗನ್ನಿನಲ್ಲಿ ಹಲವು ವರ್ಷ ಬೋಟ್ ರಿಪೇರಿ ಶೆಡ್ಡಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದವನು. ಪ್ರತಿ ಅಕ್ಟೋಬರಿನಲ್ಲೂ ನಮಗೆ ಇದೇ ಕೆಲಸ.

ಅಳಿಯಂದಿರಿಗೆ ಮೊದಲು ಹೇಳಬೇಕಾದದ್ದು, ನೀರಿಲ್ಲದೆ ಎಂಜಿನ್ ಓಡಿಸಬಾರದು. ಎಂಜಿನ್ನಿಗೂ ಪಂಪಿಗೂ ನಡುವೆ ಕ್ಲಚ್ ಇಲ್ಲದಿರುವುದರಿಂದ ಎಂಜಿನ್ ತಿರುಗಿದರೆ ಪಂಪೂ ತಿರುಗುತ್ತದೆ, ಮತ್ತು ಪಂಪಿನ ಶಾಫ್ಟ್ ಪ್ಯಾಕಿಂಗು ತಣ್ಣಗಿರುವುದು ನೀರಿನಿಂದಲೇ. ಇಷ್ಟು ಮಾಡಿದರೂ ಬ್ಲಾಕಿನ ತಳದ ನೀರು ಅಲುಗುವುದಿಲ್ಲ, ಏಕೆಂದರೆ ನೀರು ಹೊರಹೋಗುವ ದಾರಿ ಇರುವುದು ಮೇಲ್ಗಡೆ. ಸಿಲಿಂಡರುಗಳ ಸುತ್ತಲಿನ ನೀರಂಗಿಯ ತಳಕ್ಕೆ ಇರುವ ದಾರಿ ಡ್ರೈನ್ ಪ್ಲಗ್ ಮಾತ್ರ.

ನೀರು ಖಾಲಿ ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಲಿ. ಮೊದಲು ಪೆಟ್ರೋಲಿಗೆ ಅದು ಕೆಡದಂತೆ ಸ್ಟೆಬಿಲೈಸರ್ ಬೆರೆಸಿ, ಎಂಜಿನ್ನಿಗೆ ಹೋಸ್ ಪೈಪಿನಿಂದ ನೀರು ಕೊಡುತ್ತಾ ಬಿಸಿಯಾಗುವವರೆಗೆ ಓಡಿಸಿ, ಬಿಸಿ ಇರುವಾಗಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಹಳೆಯ ಆಯಿಲಿನಲ್ಲಿ ಸೇರಿರುವ ಆಮ್ಲ ಮತ್ತು ತೇವ ನಾಲ್ಕೈದು ತಿಂಗಳು ಬೇರಿಂಗುಗಳ ಮೇಲೆ ಕೂರಬಾರದು. ಬಳಿಕ ಮತ್ತೊಮ್ಮೆ ಸ್ವಲ್ಪ ಹೊತ್ತು ಓಡಿಸಿ ಕಾರ್ಬುರೇಟರಿನ ಬಾಯಿಗೆ ಫಾಗಿಂಗ್ ಆಯಿಲ್ (ಎಂಜಿನ್ನಿನ ಒಳಭಾಗ ತುಕ್ಕು ಹಿಡಿಯದಂತೆ ಕಾಯುವ ಎಣ್ಣೆ) ಸಿಂಪಡಿಸಿ ನಿಲ್ಲಿಸಬೇಕು.

ಈಗ ನೀರು. ವಿ-8 ಬ್ಲಾಕಿನ ಎರಡೂ ಪಕ್ಕದಲ್ಲಿ, ಆಯಿಲ್ ಸಂಪಿನ ಅಂಚಿಗೆ ತುಸು ಮೇಲೆ, ಒಂದೊಂದು ಪ್ಲಗ್ ಇದೆ. ಎಗ್ಸಾಸ್ಟ್ ಮ್ಯಾನಿಫೋಲ್ಡುಗಳು, ಆಯಿಲ್ ಕೂಲರ್ ಇದ್ದರೆ ಅದು, ತಗ್ಗಿನಲ್ಲಿ ಬಾಗಿರುವ ಹೋಸುಗಳು, ಜೆಟ್ ಪಂಪಿನ ಹೊಟ್ಟೆ, ಇವೆಲ್ಲವನ್ನೂ ಬಿಚ್ಚಬೇಕು. ಪ್ಲಗ್ ತೆಗೆದರೂ ನೀರು ಬಾರದಿದ್ದರೆ ಖಾಲಿಯಾಗಿದೆ ಎಂದು ಸಂತೋಷಪಡಬಾರದು. ಕೆರೆಯ ಮರಳು ಮತ್ತು ತುಕ್ಕಿನ ಚೂರು ತಳದಲ್ಲಿ ಕೂತು ತೂತನ್ನು ಒಳಗಿನಿಂದ ಮುಚ್ಚಿರುತ್ತವೆ. ತಂತಿ ಹಾಕಿ ಕೆದಕಲೇಬೇಕು. ನಮ್ಮ ಶೆಡ್ಡಿಗೆ ಬಂದ ಸೀಳಿದ ಬ್ಲಾಕುಗಳಲ್ಲಿ ಹಲವಕ್ಕೆ ಕಾರಣ ಇದೇ: ಮಾಲೀಕರು ಪ್ಲಗ್ ತೆಗೆದಿದ್ದರು, ಒಂದು ಪಕ್ಕದಲ್ಲಿ ನೀರು ಬಂದಿರಲಿಲ್ಲ, ಅವರು ಅದನ್ನು ಗಮನಿಸಿರಲಿಲ್ಲ.

ಬೇಕಿದ್ದರೆ ಆಮೇಲೆ ಪ್ಲಗ್ ಹಾಕಿ, ಥರ್ಮೋಸ್ಟಾಟಿನ ಮೇಲಿನ ಹೋಸ್ ಬಿಚ್ಚಿ ಪ್ರೊಪಿಲೀನ್ ಗ್ಲೈಕಾಲಿನ ಗುಲಾಬಿ ಬಣ್ಣದ ಆಂಟಿಫ್ರೀಜನ್ನು ಸುರಿಯಬಹುದು. ಕಾರಿನ ಕೂಲಂಟು ಬೇಡ. ಅದರಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ವಿಷ, ಮತ್ತು ವಸಂತದಲ್ಲಿ ಮೊದಲ ಸಲ ಎಂಜಿನ್ ಓಡಿಸಿದಾಗ ಅದಷ್ಟೂ ಕೆರೆಗೇ ಹೋಗುತ್ತದೆ.

ಉತ್ತರ 2: ನಿವೃತ್ತ ಮೇಷ್ಟ್ರು (ಜಯನಗರ)

ಹಿಂದಿನ ಉತ್ತರ ಬಹಳ ಉಪಯುಕ್ತವಾಗಿದೆ. ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಶೇ. 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವೇ ಇಲ್ಲದೆ ಸಿಕ್ಕಿಬಿದ್ದ ನೀರು −22 ಡಿಗ್ರಿಯ ಹೊತ್ತಿಗೆ ಸುಮಾರು 2000 ವಾಯುಭಾರದಷ್ಟು ಒತ್ತಡ ಹಾಕಬಲ್ಲದು. ಎರಕದ ಕಬ್ಬಿಣ ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಇದನ್ನು ನಿಮಗೆ ಹೇಳಬೇಕಾಗಿಲ್ಲ. ಬ್ಲಾಕಿನ ಪಕ್ಕದಲ್ಲಿರುವ ದುಂಡು ಪ್ಲಗ್ಗುಗಳು ಚಳಿಗೆ ಹೊರಚಿಮ್ಮಿ ಬ್ಲಾಕನ್ನು ಕಾಪಾಡುತ್ತವೆ ಎಂಬ ನಂಬಿಕೆಯಿದೆ. ಅವು ಎರಕದ ಮರಳನ್ನು ಹೊರತೆಗೆಯಲು ಬಿಟ್ಟ ತೂತುಗಳ ಮುಚ್ಚಳಗಳು. ಕೆಲವೊಮ್ಮೆ ಚಿಮ್ಮುತ್ತವೆ, ಆದರೆ ಅವನ್ನು ನೆಚ್ಚಿಕೊಳ್ಳುವಂತಿಲ್ಲ.

ಗುಲಾಬಿ ಆಂಟಿಫ್ರೀಜಿನ ಡಬ್ಬಿಯ ಮೇಲೆ −50 ಎಂದಿದ್ದರೆ ಅದು ಫ್ಯಾರನ್‌ಹೀಟ್, ಅಂದರೆ ಸುಮಾರು −46 ಸೆಲ್ಸಿಯಸ್, ಮತ್ತು ಪೈಪು ಒಡೆಯದಿರುವ ಮಿತಿ ಮಾತ್ರ. ಗಂಜಿಯಂತಾಗಲು ಅದು ಅದಕ್ಕಿಂತ ಬಹಳ ಮೊದಲೇ ಆರಂಭಿಸುತ್ತದೆ. ಒಳಗುಳಿದ ನೀರಿನೊಡನೆ ಬೆರೆತರೆ ಈ ಮಿತಿಯೂ ಕಳೆದುಹೋಗುತ್ತದೆ. ಆದ್ದರಿಂದ ಖಾಲಿ ಮಾಡದೆ ಸುರಿಯುವುದು ವ್ಯರ್ಥ. ನಿಮ್ಮ ಲೇತಿನಲ್ಲಿ ಕಟಿಂಗ್ ಆಯಿಲಿನ ಸಾಂದ್ರತೆ ನೋಡಲು ರಿಫ್ರಾಕ್ಟೋಮೀಟರ್ (ಒಂದು ಹನಿಯಿಂದಲೇ ದ್ರವದಲ್ಲಿ ಎಷ್ಟು ಬೆರೆತಿದೆ ಎಂದು ತೋರಿಸುವ ಉಪಕರಣ) ಬಳಸಿರುತ್ತೀರಿ. ಪ್ರೊಪಿಲೀನ್ ಗ್ಲೈಕಾಲಿನ ಅಳತೆಯಿರುವಂಥದ್ದನ್ನು ಅಳಿಯಂದಿರು ತರಿಸಿ, ಡ್ರೈನಿನಿಂದ ಹೊರಬರುವ ದ್ರವದ ಒಂದು ಹನಿಯನ್ನು ನೋಡಲಿ.

ಬ್ಯಾಟರಿಯನ್ನೂ ಬಿಚ್ಚಿ ಮನೆಯೊಳಗಿಡಲಿ. ಪೂರ್ತಿ ಚಾರ್ಜಾದ ಬ್ಯಾಟರಿ −50 ಡಿಗ್ರಿ ಸೆಲ್ಸಿಯಸ್ಸಿನಲ್ಲೂ ಹೆಪ್ಪುಗಟ್ಟುವುದಿಲ್ಲ, ಚಾರ್ಜ್ ಇಳಿದದ್ದು −7ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಒಡೆಯುತ್ತದೆ. ನಮ್ಮ ಬೆಂಗಳೂರಿನ ಅತಿ ಕಡಿಮೆ ದಾಖಲೆಯೇ 1884ರ ಜನವರಿಯ 7.8 ಡಿಗ್ರಿ, ಇವೆಲ್ಲ ನಮಗೆ ಹೊಳೆಯದಿರುವುದು ಸಹಜ.

ಉತ್ತರ 3: ಯಲಹಂಕದ ಓದುಗ

ಇದೇ ಪ್ರಶ್ನೆ ಹುಡುಕಿಕೊಂಡು ಬರುವ ಇತರರಿಗಾಗಿ ಒಂದು ಮಾತು. ಮೇಲಿನ ವಿಧಾನ ಹಳೆಯ ವಿ-8 ಬೋಟುಗಳದ್ದು. ನೀರಿನ ಸ್ಕೂಟರುಗಳಿಗೆ ಹೆಸರಾದ ಸೀ-ಡೂ ಕಂಪನಿ ಬಳಸುವ ರೋಟಾಕ್ಸ್ 4-ಟೆಕ್ ಎಂಜಿನ್ನಿನೊಳಗೆ ಕಾರಿನಂತೆ ಕೂಲಂಟೇ ಸುತ್ತುತ್ತದೆ, ಹೊರಗಿನ ನೀರು ಹರಿಯುವುದು ಎಗ್ಸಾಸ್ಟಿನಂಥ ಭಾಗಗಳಲ್ಲಿ. ಯಮಹಾ ಜೆಟ್ ಬೋಟುಗಳಲ್ಲಿ ಕೆರೆಯ ನೀರೇ ಎಂಜಿನ್ನನ್ನೂ ತಣಿಸುತ್ತದೆ. ಅಂಥವನ್ನು ತೊಳೆಯುವಾಗ ಮೊದಲು ಎಂಜಿನ್ ಚಾಲೂ ಮಾಡಿ ಆಮೇಲೆ ನಲ್ಲಿ ತಿರುಗಿಸಬೇಕು. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್. ತಪ್ಪಿದರೆ ನೀರು ಎಗ್ಸಾಸ್ಟಿನ ಮೂಲಕ ಸಿಲಿಂಡರಿಗೇ ನುಗ್ಗುವ ಅಪಾಯವಿದೆ.

ಪ್ರಶ್ನೆ ಕೇಳಿದವರಿಂದ: ಪೀಣ್ಯದ ಲೇತ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಇಲ್ಲಿ ಹತ್ತು ಗಂಟೆಗೆ, ಅಲ್ಲಿ ಬೆಳಿಗ್ಗೆ, ವಿಡಿಯೋ ಕರೆಯಲ್ಲಿ ಕೂತು ಕೆಲಸ ಮಾಡಿಸಿದೆ. ಎಡಗಡೆಯ ಪ್ಲಗ್ ತೆಗೆದ ಕೂಡಲೇ ನೀರು ಧಾರೆಯಾಗಿ ಬಂತು. ಬಲಗಡೆ ಒಂದು ತೊಟ್ಟೂ ಬರಲಿಲ್ಲ. ನಿಮ್ಮ ಮಾತು ಓದಿರದಿದ್ದರೆ ಅಳಿಯಂದಿರು ಅಲ್ಲಿಗೇ ಬಿಡುತ್ತಿದ್ದರು. ಬಟ್ಟೆ ನೇತುಹಾಕುವ ಹ್ಯಾಂಗರಿನ ತಂತಿ ನೆಟ್ಟಗೆ ಮಾಡಿ ತೂರಿಸಿದಾಗ ಮೊದಲು ರಾಗಿ ಅಂಬಲಿಯಂಥ ಕೆಸರು ಇಳಿಯಿತು, ಇನ್ನೊಮ್ಮೆ ಕೆದಕಿದಾಗ ನೀರು ಚಿಮ್ಮಿ ಕೆಳಗಿಟ್ಟ ಎರಡು ಲೀಟರಿನ ಡಬ್ಬಿ ತುಂಬಿ ಚೆಲ್ಲಿತು. ಅಷ್ಟೂ ನೀರು ನಾಲ್ಕು ಸಿಲಿಂಡರುಗಳ ಸುತ್ತ ಕೂತಿತ್ತು ಎಂದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಸದ್ಯಕ್ಕೆ ಆಂಟಿಫ್ರೀಜ್ ಸುರಿಯದೆ ಬ್ಲಾಕನ್ನು ಒಣಗಲು ಬಿಟ್ಟಿದ್ದೇವೆ. ಬಿಚ್ಚಿದ ಪ್ಲಗ್ಗುಗಳನ್ನು ಎಣಿಸಿ ಒಂದು ಚೀಲಕ್ಕೆ ಹಾಕಿ, ವಸಂತದಲ್ಲಿ ಮರೆಯದಂತೆ ಸ್ಟಿಯರಿಂಗಿಗೆ ಕಟ್ಟಲು ಹೇಳಿದೆ. ಜೆಟ್ ಪಂಪಿನ ಹೊಟ್ಟೆಯ ಪ್ಲಗ್ ತುಕ್ಕು ಹಿಡಿದು ಅಲುಗುತ್ತಿಲ್ಲ. ಸೀಮೆಎಣ್ಣೆಯಂಥ ತೆಳು ಎಣ್ಣೆ ಬಿಟ್ಟು ನಾಳೆ ಮತ್ತೆ ಪ್ರಯತ್ನಿಸುತ್ತಾರೆ. ಅದುವರೆಗೆ ಬೋಟಿನ ಮೂತಿಯನ್ನು ಎತ್ತರಿಸಿ, ಪಂಪಿನ ಪಕ್ಕದಲ್ಲಿ ಒಂದು ಬಲ್ಬು ಉರಿಸಿಟ್ಟಿದ್ದಾರೆ.