ಜಮೀನಿನ ‘ಡೆವಲಪ್‌ಮೆಂಟ್’ಗೆ ‘ಅಭಿವೃದ್ಧಿ’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಹತ್ತು ದಿನದಿಂದ ನನ್ನನ್ನು ಬಿಡುತ್ತಿಲ್ಲ. ನಿಮ್ಮ ಮುಂದೆ ಇಡುತ್ತಿದ್ದೇನೆ.

ಕೆಆರ್‌ಎಸ್‌ನ ಬೃಂದಾವನವನ್ನು ‘ಡಿಸ್ನಿಲ್ಯಾಂಡ್ ಮಾದರಿ’ ಮಾಡುತ್ತೇವೆ ಅಂತ 2018ರಲ್ಲಿ ಸರ್ಕಾರ ಹೇಳಿತ್ತಲ್ಲ, ಆ ಮಾತು ಮಂಡ್ಯ ಸೀಮೆಯಲ್ಲಿ ಇನ್ನೂ ಓಡಾಡುತ್ತಲೇ ಇದೆ. ನಮ್ಮೂರಿನ ಕಾಲೇಜು ಹುಡುಗರು ಬಂದು, “ಅಮೆರಿಕದಲ್ಲಿ ಆ ಡಿಸ್ನಿಯವರು ಜಮೀನು ಹೆಂಗೆ ತಗೊಂಡ್ರು, ಅದ್ರಲ್ಲಿ ಏನೇನು ಮಾಡವ್ರೆ, ಕನ್ನಡದಲ್ಲಿ ಬರ್ದುಕೊಡಕ್ಕ” ಅಂದರು. ಒಪ್ಪಿಕೊಂಡೆ. ಬರೆಯಲು ಕೂತ ಮೇಲೆ ಮೂರು ಮಾತು ಅಡ್ಡ ನಿಂತವು: ಲ್ಯಾಂಡ್ ಯೂಸ್, ಪ್ರೈವೇಟ್ ಡೆವಲಪ್‌ಮೆಂಟ್, ಅನ್‌ಡೆವಲಪ್ಡ್ ಲ್ಯಾಂಡ್.

ಮೊದಲನೆಯದಕ್ಕೆ ‘ಭೂಬಳಕೆ’ ಸಾಕು. ಆದರೆ ಪತ್ರಿಕೆಗಳಲ್ಲಿ ಇದನ್ನು ‘ಭೂಪರಿವರ್ತನೆ’ ಜೊತೆ ಕಲಸಿಬಿಡುತ್ತಾರೆ. ಎರಡೂ ಬೇರೆ. ಬೇಸಾಯದ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿ ಕೊಡುವ ಅನುಮತಿ ಭೂಪರಿವರ್ತನೆ. ಜನರ ಬಾಯಲ್ಲಿ ಕನ್ವರ್ಷನ್, ಹಳಬರ ಬಾಯಲ್ಲಿ ಅಲಿನೇಷನ್. ಊರಿನ ಮಾಸ್ಟರ್ ಪ್ಲಾನಿನಲ್ಲಿ ಒಂದು ಜಾಗಕ್ಕೆ ಹಚ್ಚಿದ ಬಣ್ಣ ಬದಲಾದರೆ ಅದು ಭೂಬಳಕೆ ಬದಲಾವಣೆ. ಅದಕ್ಕೆ 1961ರ ನಗರ ಯೋಜನಾ ಕಾಯ್ದೆ ಬೇರೆಯೇ ಇದೆ.

ನಿಜವಾದ ತೊಡಕು ‘ಡೆವಲಪ್‌ಮೆಂಟ್’. ಎಲ್ಲರೂ ‘ಅಭಿವೃದ್ಧಿ’ ಅಂತ ಬರೆಯುತ್ತೇವೆ. ನಾನೂ ಬರೆಯುತ್ತಿದ್ದೆ. ಎರಡು ವರ್ಷದ ಹಿಂದೆ ನಮ್ಮ ಮನೆ ಜಗಲಿಯಲ್ಲಿ ನಡೆದದ್ದನ್ನು ನೋಡಿದ ಮೇಲೆ ಬರೆಯಲು ಕೈ ಹಿಂಜರಿಯುತ್ತಿದೆ.

ಲೇಔಟ್ ಮಾಡುವವರೊಬ್ಬರು ನಕ್ಷೆ ತಂದಿದ್ದರು. ಗಾಳಿಗೆ ಹಾರದ ಹಾಗೆ ಒಂದು ಮೂಲೆಗೆ ನೀರಿನ ಚೊಂಬು, ಇನ್ನೊಂದಕ್ಕೆ ಅಪ್ಪನ ಎಲೆಅಡಿಕೆ ಚೀಲ ಇಟ್ಟು ಹರಡಿದರು. ನಾಲೆ ಬಯಲಿನ ನಮ್ಮ ಎರಡು ಎಕರೆ ಹದಿನಾಲ್ಕು ಗುಂಟೆಯ ಮೇಲೆ ಓರೆ ಗೆರೆ ಎಳೆದಿತ್ತು. ಕೆಳಗೆ ಕನ್ನಡದಲ್ಲೇ ‘ಅಭಿವೃದ್ಧಿಯಾಗದ ಜಮೀನು’ ಅಂತ ಅಚ್ಚಾಗಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಅಕ್ಷರದ ಮೇಲೆ ಬೆರಳಿಟ್ಟು ಓದಿದರು. “ಕೂಳೆ ಕಬ್ಬು ಎದೆಮಟ ನಿಂತದೆ. ಅಭಿವೃದ್ಧಿ ಆಗಿಲ್ಲ ಅಂದೋರು ಯಾರು?” ಅಂತ ಕೇಳಿದರು. ಬಂದವರ ಹತ್ತಿರ ಉತ್ತರ ಇರಲಿಲ್ಲ. ಅವರು ಕೆಟ್ಟ ಮಾತು ಆಡಲು ಬಂದವರೇನೂ ಅಲ್ಲ. ಕಚೇರಿಗಳಲ್ಲಿ ನಡೆಯುವ ಪದವನ್ನೇ ಹಾಕಿದ್ದರು. ಆದರೂ ಅಪ್ಪನಿಗೆ ಅದು ಬೈಗುಳದ ಹಾಗೆ ತಾಗಿತು.

ಯಾಕೆ ಅಂತ ಆಮೇಲೆ ತಿಳಿಯಿತು. ಅಪ್ಪನಿಗೆ ‘ಅಭಿವೃದ್ಧಿ’ ಪದ ಪರಿಚಯವಾದದ್ದೇ ಆ ಗದ್ದೆಯಲ್ಲಿ. ಮೈಸೂರಿನಲ್ಲಿ ‘ಕಾಡಾ’ ಅಂತ ಕರೆಯುವ ಕಚೇರಿ ಗೊತ್ತಲ್ವಾ? ಅದರ ಪೂರ್ತಿ ಹೆಸರು ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ. ಅವರ ಲೆಕ್ಕದಲ್ಲಿ ಅಭಿವೃದ್ಧಿ ಅಂದರೆ ನೆಲ ಮಟ್ಟ ಮಾಡುವುದು, ಹೊಲಗಾಲುವೆ ತೆಗೆಯುವುದು, ನಿಂತ ನೀರು ಹೋಗಲು ಬಸಿಗಾಲುವೆ ತೋಡುವುದು. ಅದೇ ಮೈಸೂರಿನಲ್ಲಿ ನಗರಾಭಿವೃದ್ಧಿ ಪ್ರಾಧಿಕಾರವೂ ಇತ್ತು. ಅಲ್ಲಿ ಅಭಿವೃದ್ಧಿ ಅಂದರೆ ರಸ್ತೆ, ಚರಂಡಿ, ಸೈಟು. ಒಂದೇ ಗದ್ದೆ. ಮೊದಲ ಅಭಿವೃದ್ಧಿ ಅದನ್ನು ತರಿ, ಅಂದರೆ ನೀರಾವರಿ ಜಮೀನು, ಮಾಡಿತು. ಎರಡನೆಯದು ಬಂದರೆ ಆ ಕಾಲುವೆಯನ್ನೇ ಮುಚ್ಚಬೇಕು. ಎರಡಕ್ಕೂ ಒಂದೇ ಪದ ಇಟ್ಟುಕೊಂಡು ನಾವು ಓದುಗರಿಗೆ ಏನನ್ನು ತಿಳಿಸಬಲ್ಲೆವು?

ಈಗ ಡಿಸ್ನಿಗೆ ಬರುತ್ತೇನೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರಲ್ಲಿ ಶುರುವಾದದ್ದು, ಜಾಗ ಚಿಕ್ಕದು. ಬೇಲಿ ಆಚೆ ಯಾರ್ಯಾರೋ ಮೋಟೆಲು, ಅಂಗಡಿ ಕಟ್ಟಿದರು. ಅದರ ಮೇಲೆ ವಾಲ್ಟ್ ಡಿಸ್ನಿಗೆ ಹಿಡಿತವಿರಲಿಲ್ಲ. ಹಾಗಾಗಿ ಫ್ಲೋರಿಡಾದಲ್ಲಿ ಅವರು 27,000 ಎಕರೆಗೂ ಜಾಸ್ತಿ ನೆಲ ಕೊಂಡರು. ಅಂದರೆ ಸುಮಾರು 110 ಚದರ ಕಿಲೋಮೀಟರ್. ಕೆಆರ್‌ಎಸ್ ಕಟ್ಟೆ ತುಂಬಿದಾಗ ನೀರು ಹರಡುವ ಜಾಗಕ್ಕಿಂತ ಸ್ವಲ್ಪವೇ ಕಡಿಮೆ. ಅಲ್ಲಿನ ‘ವಾಲ್ಟ್ ಡಿಸ್ನಿ ವರ್ಲ್ಡ್’ 1971ರ ಅಕ್ಟೋಬರ್ 1ಕ್ಕೆ ಬಾಗಿಲು ತೆರೆಯಿತು.

ಅಷ್ಟು ನೆಲದಲ್ಲಿ ಎಲ್ಲವನ್ನೂ ಕಟ್ಟಿಲ್ಲ. ಸುಮಾರು ಮೂರನೇ ಒಂದು ಭಾಗವನ್ನು ಕಾಪಿಡಲು ಬಿಟ್ಟಿದ್ದೇವೆ ಅಂತ ಕಂಪನಿಯೇ ಹೇಳುತ್ತದೆ. ಇದನ್ನು ನಾನು ‘ಮೂರನೇ ಒಂದು ಭಾಗ ಅಭಿವೃದ್ಧಿಯಾಗಿಲ್ಲ’ ಅಂತ ಬರೆದರೆ ನಮ್ಮ ಹುಡುಗರು ಏನು ತಿಳಿಯುತ್ತಾರೆ? ದುಡ್ಡು ಸಾಲಲಿಲ್ಲ, ಕೆಲಸ ನಿಂತಿದೆ ಅಂತ. ‘ಕಟ್ಟದೆ ಉಳಿಸಿದ್ದಾರೆ’ ಅಂದರೆ ಇದ್ದದ್ದು ಇದ್ದ ಹಾಗೆ ತಿಳಿಯುತ್ತದೆ. ಅನ್‌ಡೆವಲಪ್ಡ್‌ಗೆ ನನ್ನ ಸಲಹೆ ಇದೇ: ‘ಕಟ್ಟದ ನೆಲ’, ‘ಕಟ್ಟದೆ ಬಿಟ್ಟ ನೆಲ’.

ಕಚೇರಿ ಪದಗಳು ಹೀಗೆ ಮಾಡುವುದು ಹೊಸದಲ್ಲ. ನಮ್ಮ ಪಹಣಿಯಲ್ಲಿ ‘ಖರಾಬು’ ಇದೆಯಲ್ಲ, ಉರ್ದುವಿನಲ್ಲಿ ಅದರ ಅರ್ಥ ಕೆಟ್ಟದ್ದು. ‘ಬಿ’ ಖರಾಬಿನಲ್ಲಿ ಇರುವುದೇನು? ಹಳ್ಳ, ಬಂಡಿದಾರಿ, ಸ್ಮಶಾನ. ಊರಿಗೆಲ್ಲ ಬೇಕಾದವು. ಕಂದಾಯ ಹುಟ್ಟುವುದಿಲ್ಲ ಅಂತ ಆ ಹೆಸರು.

ಡಿಸ್ನಿ ಬರಹದಲ್ಲಿ ಇನ್ನೊಂದು ಗಂಟು ಇದೆ: ‘ವೆಟ್‌ಲ್ಯಾಂಡ್’. ಡಿಸ್ನಿಯವರ ನೆಲದಲ್ಲಿ ಜಾಸ್ತಿ ಭಾಗ ನೀರು ನಿಲ್ಲುವ ಕಾಡು. ಕಾಲುವೆ ತೋಡಿ ನೀರನ್ನು ಹತೋಟಿಗೆ ತಂದರು. ಒಂದು ಕೆರೆ ಅಗೆದು ಅದರ ಮಣ್ಣನ್ನು ಪಾರ್ಕಿನ ಜಾಗಕ್ಕೆ ತುಂಬಿ ಎತ್ತರ ಮಾಡಿದರು. ಆಮೇಲೆ 1990ರ ದಶಕದಲ್ಲಿ, ತಮ್ಮ ಜಾಗದಲ್ಲಿ ಕಟ್ಟಲು ಹಾಳಾಗುವ ಇಂಥ ನೆಲಕ್ಕೆ ಬದಲಾಗಿ, ಬೇರೆ ಕಡೆ ಸಾವಿರಾರು ಎಕರೆಯನ್ನು ಕಾಪಾಡುವ ಏರ್ಪಾಟು ಮಾಡಿಕೊಂಡರು. ಇಲ್ಲಿ ವೆಟ್‌ಲ್ಯಾಂಡ್‌ಗೆ ‘ತರಿ ಭೂಮಿ’ ಅಂತ ಬರೆದಿರುವುದನ್ನು ನೋಡಿದ್ದೇನೆ. ಮಂಡ್ಯದವರಿಗೆ ತರಿ ಅಂದರೆ ಭತ್ತದ ಗದ್ದೆ, ಮಳೆ ನಂಬಿದ ಖುಷ್ಕಿಯ ಎದುರು ಪದ. ಪೂರ್ತಿ ತಪ್ಪಾಗುತ್ತದೆ. ‘ಜೌಗು’ ಹತ್ತಿರ. ಆದರೆ ನಾಲೆ ಬಯಲಿನಲ್ಲಿ ‘ಸವಳು ಜವಳು’ ಅಂದರೆ ನೀರು ಜಾಸ್ತಿಯಾಗಿ ಕೆಟ್ಟ ಜಮೀನು, ರೈತ ಹೆದರುವ ಮಾತು. ಕಾಪಾಡಬೇಕಾದ ನೆಲಕ್ಕೆ ಹೆದರುವ ಹೆಸರು ಹೇಗೆ ಇಡುವುದು? ಸದ್ಯಕ್ಕೆ ‘ನೀರು ನಿಲ್ಲುವ ನೆಲ’ ಅಂತ ಇಟ್ಟಿದ್ದೇನೆ. ಒಂದೇ ಪದ ಸಿಕ್ಕರೆ ಒಳ್ಳೆಯದು.

‘ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್’ ಕೂಡ ಇದೇ ಜಾತಿಯದು. 1967ರಲ್ಲಿ ಫ್ಲೋರಿಡಾ ರಾಜ್ಯ ಡಿಸ್ನಿ ಜಮೀನಿಗೇ ಒಂದು ಆಡಳಿತ ಮಾಡಿಕೊಟ್ಟಿತು. ಹೆಸರು ರೀಡಿ ಕ್ರೀಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್. ರಸ್ತೆ, ಚರಂಡಿ, ಬೆಂಕಿ ಆರಿಸುವವರು, ಕಟ್ಟಡದ ನಿಯಮ ಎಲ್ಲ ಅದರ ಕೈಯಲ್ಲಿ. ಅಣು ವಿದ್ಯುತ್ ಸ್ಥಾವರ ಕಟ್ಟುವ ಅಧಿಕಾರವೂ ಕಾಗದದಲ್ಲಿತ್ತು. ಮತ ತಲೆಗೊಂದಲ್ಲ, ಎಕರೆಗೊಂದು. 2023ರಲ್ಲಿ ಹೆಸರು ಬದಲಾಗಿ, ಮಂಡಳಿಯನ್ನು ಗವರ್ನರ್ ನೇಮಿಸುವ ಹಾಗಾಯಿತು. ಇದನ್ನು ‘ಸುಧಾರಣಾ ಜಿಲ್ಲೆ’ ಅಂದರೆ ಓದುವವರಿಗೆ ಮಂಡ್ಯ ಜಿಲ್ಲೆಯಂಥ ಜಿಲ್ಲೆ ನೆನಪಾಗುತ್ತದೆ. ಮೈಸೂರಿನ ಹಳಬರಿಗೆ ‘ಸಿಐಟಿಬಿ’, ಅಂದರೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, ಗೊತ್ತು. ಅದರ ಮಧ್ಯದ ‘ಐ’ ಇದೇ ಇಂಪ್ರೂವ್‌ಮೆಂಟ್. ಪ್ಲೇಗಿನ ಕಾಲದ ನಂತರ ಊರು ಅಗಲ ಮಾಡಲು ಹುಟ್ಟಿದ ಸಂಸ್ಥೆ. ಆದರೆ ಅದರಲ್ಲಿ ಎಕರೆಗೊಂದು ಮತ ಇರಲಿಲ್ಲ. ನಾನು ‘ಜಮೀನುದಾರರ ಆಡಳಿತ ಮಂಡಳಿ’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಾಗಲಿಲ್ಲ.

ಜಮೀನು ಕೊಂಡದ್ದು 1960ರ ದಶಕದ ನಡುವೆ, ಬೇರೆ ಬೇರೆ ಹೆಸರಿನ ಕಂಪನಿಗಳ ಮೂಲಕ, ಗುಟ್ಟಾಗಿ. ಸರಾಸರಿ ಎಕರೆಗೆ 200 ಡಾಲರಿನೊಳಗೆ. ‘ಬೇನಾಮಿ’ ಅನ್ನಲು ನಾಲಿಗೆ ಬರುತ್ತದೆ. ಆದರೆ ನಮ್ಮಲ್ಲಿ 1988ರಿಂದ ಬೇನಾಮಿ ಅಪರಾಧ, ಅಲ್ಲಿ ಅದು ಕಾನೂನಿನೊಳಗೇ ನಡೆದದ್ದು. ಹಾಗಾಗಿ ‘ಬೇರೆ ಹೆಸರಿನಲ್ಲಿ’ ಅಂತ ಸುಮ್ನೆ ಬರೆದೆ.

ಕೊನೆಗೆ ‘ಪ್ರೈವೇಟ್ ಡೆವಲಪ್‌ಮೆಂಟ್’. ‘ಖಾಸಗಿ ಅಭಿವೃದ್ಧಿ’ ಅಂದರೆ ಯಾರದೋ ಸ್ವಂತ ಏಳಿಗೆಯ ಹಾಗೆ ಕೇಳುತ್ತದೆ. ಡಿಸ್ನಿಯವರೇ 1990ರ ದಶಕದಲ್ಲಿ ಸೆಲೆಬ್ರೇಷನ್ ಎಂಬ ಊರು ಕಟ್ಟಿ ಮನೆ ಮಾರಿದರು. ಮಾರುವ ಮೊದಲು ಆ ಜಾಗವನ್ನು ಮಂಡಳಿಯ ಗಡಿಯಿಂದ ಆಚೆ ತೆಗೆದರು. ಮನೆ ಕೊಂಡವರ ಕೈಗೆ ಅಲ್ಲಿನ ಮತ ಹೋಗಬಾರದಲ್ಲ. ಇಂಥದಕ್ಕೆ ‘ಖಾಸಗಿ ಬಡಾವಣೆ’ ಒಪ್ಪುತ್ತದೆ. ಹೋಟೆಲು, ಅಂಗಡಿ, ರಸ್ತೆ ಎಲ್ಲ ಸೇರಿದಾಗ ಬಡಾವಣೆ ಸಾಲದು. ಅದಕ್ಕೆ ‘ಕಟ್ಟೋಣ’ ಎಂಬ ಹಳೆಯ ಪದ ನೆನಪಾಯಿತು. ಕಟ್ಟುವ ಕೆಲಸ, ಕಟ್ಟಿದ್ದು ಎರಡಕ್ಕೂ ನಮ್ಮಜ್ಜಿ ಅದನ್ನೇ ಹೇಳುತ್ತಿದ್ದರು. ‘ಖಾಸಗಿ ಕಟ್ಟೋಣ’ ಅಂತ ಬರೆದು ಹುಡುಗರಿಗೆ ತೋರಿಸಿದೆ. ಒಬ್ಬ ಹುಡುಗಿ “ಏನು ಕಟ್ಟೋಣ ಅಕ್ಕ?” ಅಂದಳು. ‘ಬನ್ನಿ, ಕಟ್ಟೋಣ’ ಅನ್ನುವ ಕ್ರಿಯಾಪದ ಅವಳ ಕಿವಿಗೆ ಬಿದ್ದಿತ್ತು.

ಹಾಗಾಗಿ ಕೇಳುತ್ತಿದ್ದೇನೆ. ‘ಕಟ್ಟೋಣ’ ನಾಮಪದವಾಗಿ ನಿಮ್ಮ ಕಡೆ ಈಗಲೂ ಮಾತಿನಲ್ಲಿದೆಯಾ? ‘ನಮ್ಮ ಮನೆ ಕಟ್ಟೋಣ ನಡೀತಿದೆ’ ಅಂತ ಯಾರಾದರೂ ಅನ್ನುತ್ತಾರಾ? ನೀರು ನಿಲ್ಲುವ ಒಳ್ಳೆಯ ನೆಲಕ್ಕೆ ಮಲೆನಾಡು, ಕರಾವಳಿಯ ಕಡೆ ಬೇರೆ ಹೆಸರಿದ್ದರೆ ಅದೂ ಬೇಕು. ಉತ್ತರದ ಜೊತೆ ನಿಮ್ಮ ತಾಲ್ಲೂಕಿನ ಹೆಸರು ಬರೆಯಿರಿ. ಭಾನುವಾರ ಬರಹ ಹುಡುಗರ ಕೈಗೆ ಹೋಗಬೇಕು. ಅಪ್ಪ ಕೂಡ ಓದುತ್ತೇನೆ ಅಂದಿದ್ದಾರೆ.