ಬೋರ್‌ವೆಲ್ ನೀರಲ್ಲಿ 24 ಮೈಕ್ರೋಗ್ರಾಂ ಆರ್ಸೆನಿಕ್: ನಾಲ್ಕು ವರ್ಷದ ಮಗಳಿಗೆ ಎಷ್ಟು ಅಪಾಯ?

ತಿಳಿನೀರು:
ಎಲ್ಲರಿಗೂ ನಮಸ್ಕಾರ. ನಮ್ಮ ಬೋರ್‌ವೆಲ್ ನೀರಿನ ಲ್ಯಾಬ್ ರಿಪೋರ್ಟ್ ನಿನ್ನೆ ಬಂತು. ಆರ್ಸೆನಿಕ್ ಲೀಟರಿಗೆ 24 ಮೈಕ್ರೋಗ್ರಾಂ. ಪಕ್ಕದ ಕಾಲಂನಲ್ಲಿ ಮಿತಿ 10 ಅಂತಿದೆ, ಕೆಳಗೆ ಕೆಂಪಕ್ಷರದಲ್ಲಿ 'ಮಿತಿ ಮೀರಿದೆ'. ಬೇರೇನೂ ಬರೆದಿಲ್ಲ.

ಮಗಳಿಗೆ ನಾಲ್ಕು ವರ್ಷ, ತೂಕ 15 ಕೆಜಿ. ಹುಟ್ಟಿದಾಗಿನಿಂದ ಇದೇ ನೀರು, ಹಾಲುಪುಡಿ ಕಲಸಿದ್ದೂ ಇದರಲ್ಲೇ. ಕುದಿಸಿ, ಆರಿಸಿ, ಸೋಸಿ ಕೊಡುತ್ತಿದ್ದೆ. ಇಷ್ಟು ಜಾಗ್ರತೆ ಸಾಕು ಅಂದುಕೊಂಡಿದ್ದೆ. ರಾತ್ರಿ ಮೊಬೈಲಲ್ಲಿ ಹುಡುಕಿದರೆ 'ಕ್ಯಾನ್ಸರ್‌ಕಾರಕ, ಮೊದಲನೇ ಗುಂಪು' ಅಂತ ಬಂತು. ಆಮೇಲೆ ನಿದ್ದೆ ಹತ್ತಲಿಲ್ಲ. ಮಲಗಿದ್ದವಳ ಅಂಗೈ, ಅಂಗಾಲು ಟಾರ್ಚ್ ಹಿಡಿದು ನೋಡಿದೆ. ಏನೂ ಕಾಣಲಿಲ್ಲ.

24 ಅಂದರೆ ಅವಳಿಗೆ ಎಷ್ಟು ಅಪಾಯ ಅಂತ ಲೆಕ್ಕ ಹಾಕುವುದು ಹೇಗೆ? ಸ್ನಾನಕ್ಕೂ ಬಳಸಬಾರದಾ?

ಕಡಲಂಚು:
ಗಾಬರಿ ಬೇಡ ಅಕ್ಕಾ. ಕೆಜಿ ತೂಕಕ್ಕೆ ವಾರಕ್ಕೆ 15 ಮೈಕ್ರೋಗ್ರಾಂ ತನಕ ತೊಂದರೆಯಿಲ್ಲ ಅಂತ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ತಜ್ಞರ ಸಮಿತಿಯ ಮಿತಿ ಇದೆ. ದಿನಕ್ಕೆ 2 ಚಿಲ್ಲರೆ ಆಯ್ತು. ಮಗಳು ದಿನಕ್ಕೆ ಒಂದು ಲೀಟರ್ ಕುಡಿದರೂ 24ನ್ನು 15ರಿಂದ ಭಾಗಿಸಿ, 1.6. ಮಿತಿಯೊಳಗೇ ಇದೆ.

ಅಳತೆಗೋಲು:
ಭಾಗಾಕಾರ ಸರಿ, ಆದರೆ ಆ ಮಿತಿ ಈಗ ಇಲ್ಲ. 2010ರಲ್ಲಿ ಅದೇ ಸಮಿತಿ ಅದನ್ನು ಹಿಂತೆಗೆದುಕೊಂಡಿತು. ಅಷ್ಟು ಪ್ರಮಾಣದ ಆಸುಪಾಸಿನಲ್ಲೇ ಹಾನಿ ಕಂಡಿದ್ದು ಕಾರಣ. ದಿನಕ್ಕೆ ಕೆಜಿಗೆ 3 ಮೈಕ್ರೋಗ್ರಾಂನಷ್ಟು ಸೇವನೆಯಲ್ಲೇ ಶ್ವಾಸಕೋಶದ ಕ್ಯಾನ್ಸರ್ 0.5% ಹೆಚ್ಚಬಹುದು ಅಂತ ಅವರ ಅಂದಾಜು. ಈ 3 ಸುರಕ್ಷಿತ ಮಿತಿಯಲ್ಲ, ಹಾನಿ ಲೆಕ್ಕಕ್ಕೆ ಸಿಗುವ ಜಾಗ. 1.6ಕ್ಕೂ 3ಕ್ಕೂ ನಡುವೆ ಎರಡು ಪಟ್ಟಿನ ಅಂತರವೂ ಇಲ್ಲ, ಊಟದ ಮೂಲಕ ಬರುವ ಆರ್ಸೆನಿಕ್ ಬೇರೆ ಸೇರಬೇಕು.

ಇಂಥ ಅಪಾಯದ ಲೆಕ್ಕ ಹಾಕುವ ಕೆಲಸದಲ್ಲೇ ವರ್ಷಗಟ್ಟಲೆ ಇದ್ದೇನೆ. ತಿಳಿನೀರು ಅವರೇ, ರಿಪೋರ್ಟಿನ 24 ನೀರಿನ ಗುಣ. ಅಪಾಯ ಗೊತ್ತಾಗಬೇಕಾದರೆ ಯಾರ ಹೊಟ್ಟೆಗೆ, ಎಷ್ಟು, ಎಷ್ಟು ಕಾಲ ಅಂತ ಕೇಳಬೇಕು. ದಿನಕ್ಕೆ 2 ಲೀಟರ್ ಕುಡಿಯುವ 60 ಕೆಜಿಯವರಿಗೆ ಇದೇ ನೀರಿನಿಂದ 0.8. ಮಗಳಿಗೆ ಅದರ ಇಮ್ಮಡಿ. ಹಾಲುಪುಡಿಯ ತಿಂಗಳುಗಳ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ: 5 ಕೆಜಿಯ ಕೂಸು ಮುಕ್ಕಾಲು ಲೀಟರ್ ಕುಡಿದರೆ 3.6 ಆಗುತ್ತದೆ. ಮಕ್ಕಳ ಡಾಕ್ಟರಿಗೆ ಇದನ್ನು ಖಂಡಿತ ಹೇಳಿ. ಆದರೆ ಕ್ಯಾನ್ಸರ್ ಲೆಕ್ಕ ಜೀವಮಾನದ ಸರಾಸರಿಯ ಮೇಲೆ ನಿಂತಿದೆ. ನಾಲ್ಕನೇ ವರ್ಷಕ್ಕೇ ನಿಲ್ಲಿಸಿದರೆ ಆ ಸರಾಸರಿ ಬಹಳ ಇಳಿಯುತ್ತದೆ. ನಿಮ್ಮ ಕೈಯಲ್ಲಿರುವುದು ಅದು.

'ಮೊದಲನೇ ಗುಂಪು' ಅಂದರೆ ಕ್ಯಾನ್ಸರ್ ತರಬಲ್ಲದು ಎಂಬುದಕ್ಕೆ ಸಾಕ್ಷ್ಯ ಗಟ್ಟಿಯಿದೆ ಅಂತ, ಎಷ್ಟು ತೀವ್ರ ಅಂತಲ್ಲ. ಬಿಸಿಲೂ ಅದೇ ಗುಂಪಿನಲ್ಲಿದೆ. 1993ಕ್ಕೆ ಮುಂಚೆ ಕುಡಿಯುವ ನೀರಿಗೆ ಡಬ್ಲ್ಯುಎಚ್‌ಒ ಮಿತಿ ಲೀಟರಿಗೆ 50 ಇತ್ತು. ಈಗಿನ 10 ಕೂಡ ತಾತ್ಕಾಲಿಕ. ಅದಕ್ಕಿಂತ ಕೆಳಗೆ ತೆಗೆಯುವುದು ಕಷ್ಟವೆಂದು ಅಲ್ಲಿಗೆ ನಿಲ್ಲಿಸಿದ್ದಾರೆ.

ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕುಡಿಯಲು, ಅಡುಗೆಗೆ ಇವತ್ತಿನಿಂದಲೇ ಬೇರೆ ನೀರು ಬಳಸಿ. ಚರ್ಮದಿಂದ ಒಳಹೋಗುವುದು ತೀರಾ ಕಡಿಮೆ, ಸ್ನಾನ, ಬಟ್ಟೆ ಒಗೆಯಲು ಅಡ್ಡಿಯಿಲ್ಲ. ಫಿಲ್ಟರ್ ಹಾಕಿಸಿದರೆ ಅದರಿಂದ ಬಂದ ನೀರನ್ನೂ ಪರೀಕ್ಷೆಗೆ ಕಳಿಸಿ. ಆರ್ಸೆನಿಕ್‌ನ ಒಂದು ರೂಪ ಆರ್‌ಒದಲ್ಲೂ ನುಸುಳಿಬಿಡುತ್ತದೆ.

ಕಡಲಂಚು:
ಮಿತಿ ತೆಗೆದದ್ದು ಗೊತ್ತಿರಲಿಲ್ಲ. ಕ್ಷಮಿಸಿ ಅಕ್ಕಾ, ನನ್ನ ಮಾತು ನಂಬಿ ಸುಮ್ಮನಾಗಬೇಡಿ.

ಹೊಂಗೆನೆರಳು:
ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಮಗನ ಮೂತ್ರ ಪರೀಕ್ಷೆಗೆ ಓಡಿದೆವು, ಅಂಕಿ ವಿಪರೀತ ಬಂತು. ಎರಡು ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ನೋಡಿದರೆ ಹಿಂದಿನ ದಿನ ಸಮುದ್ರದ ಮೀನು ತಿಂದಿದ್ದ. ಅದರಲ್ಲಿ ಹೆಚ್ಚಾಗಿ ಇರುವ ಆರ್ಸೆನಿಕ್ ಬೇರೆ ಬಗೆಯದು, ಅಷ್ಟು ವಿಷವಲ್ಲ, ಆದರೆ ಒಟ್ಟು ಮೊತ್ತವನ್ನು ಏರಿಸುತ್ತದೆ. ಪರೀಕ್ಷೆ ಮಾಡಿಸುವುದಾದರೆ ನಾಲ್ಕೈದು ದಿನ ಮೀನು, ಸೀಗಡಿ ಬೇಡ. 'ಅಜೈವಿಕ ಆರ್ಸೆನಿಕ್' (ಬೋರ್‌ವೆಲ್ ನೀರಲ್ಲಿ ಬರುವ, ಹೆಚ್ಚು ವಿಷದ ಬಗೆ) ಬೇರೆಯಾಗಿ ಅಳೆಯಲು ಹೇಳಿ. ಮೂತ್ರದಲ್ಲಿ ಕಾಣುವುದು ಈಚಿನ ಕೆಲವು ದಿನಗಳ ಕಥೆ ಮಾತ್ರ.

ತಿಳಿನೀರು:
ಎಲ್ಲರಿಗೂ ಧನ್ಯವಾದ. ಬೆಳಿಗ್ಗೆಯಿಂದ ಕುಡಿಯಲು, ಅಡುಗೆಗೆ ಬೇರೆ ನೀರು. ಇನ್ನೊಂದು ಸ್ಯಾಂಪಲ್ ಕಳಿಸಿದ್ದೇನೆ. ಹಾಲುಪುಡಿಯ ಮಾತು ಓದಿ ಅತ್ತುಬಿಟ್ಟೆ, ಆದರೂ ಮುಚ್ಚಿಡದೆ ಹೇಳಿದ್ದು ಒಳ್ಳೆಯದಾಯ್ತು. ಒಂದು ಸಣ್ಣ ಪ್ರಶ್ನೆ: ಹಲ್ಲುಜ್ಜುವಾಗ ಅವಳು ಒಂದೆರಡು ಗುಟುಕು ನುಂಗಿಬಿಡುತ್ತಾಳೆ. ಅದೂ ಲೆಕ್ಕಕ್ಕೆ ಬರುತ್ತದಾ?

ಅಳತೆಗೋಲು:
ಬರುತ್ತದೆ. ಎರಡು ಗುಟುಕು 30 ಎಂಎಲ್ ಅಂದುಕೊಂಡರೆ 0.7 ಮೈಕ್ರೋಗ್ರಾಂ, ಅವಳ ತೂಕಕ್ಕೆ ಭಾಗಿಸಿದರೆ 0.05. ಮೊದಲಿನ 1.6ರ ಮುಂದೆ ಅತಿ ಸಣ್ಣದು, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಸಿಂಕ್ ಪಕ್ಕ ಕುಡಿಯಲು ಬಳಸುವ ಬೇರೆ ನೀರನ್ನೇ ಒಂದು ಲೋಟ ಇಟ್ಟುಬಿಡಿ, ಆಯ್ತು.