ಬಿ ವಿಂಗ್ ವೈಫೈ: ಪೇಂಟಿಂಗ್ ಶುರುವಾಗುವ ಮೊದಲೇ ನಿರ್ಧಾರ ಮಾಡೋಣ

ಬಿ-402
ಎಲ್ಲರಿಗೂ ನಮಸ್ಕಾರ. ರಾತ್ರಿ ಎಂಟರ ಮೇಲೆ ಒಳಗಿನ ಬೆಡ್‌ರೂಮಿನಲ್ಲಿ ನೆಟ್ ಬರೋದಿಲ್ಲ ಅಂತ ನಮ್ಮ ಕನ್ನಡದವರ ಈ ಗುಂಪಿನಲ್ಲಿ ಒಬ್ಬರಲ್ಲ ಒಬ್ಬರು ದಿನಾ ಬರೆಯುತ್ತಿದ್ದೀರಿ. ಮಕ್ಕಳ ಕ್ಲಾಸು, ಆಫೀಸಿನ ಮೀಟಿಂಗು, ಊರಲ್ಲಿರುವ ಅಪ್ಪ ಅಮ್ಮನ ವಿಡಿಯೊ ಕಾಲ್, ಎಲ್ಲವೂ ಅರ್ಧಕ್ಕೆ ನಿಲ್ಲುತ್ತಿವೆ. ಕೇಬಲ್‌ನವರನ್ನು ಕೇಳಿದರೆ ದೊಡ್ಡ ಪ್ಲಾನ್ ತಗೊಳ್ಳಿ ಅನ್ನುತ್ತಾರೆ. ತಗೊಂಡವರದ್ದೂ ಅದೇ ಗೋಳು.

ನಾನು ಮತ್ತು 604ರವರು ಒಪ್ಪಿದ ಮನೆಗಳಿಗೆ ಹೋಗಿ, ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿ ನೋಡಿದೆವು. ರೂಟರ್ ಪಕ್ಕ ನಿಂತರೆ ವೇಗ ಸರಿಯಾಗಿಯೇ ಇದೆ. ಪ್ಯಾಸೇಜ್ ದಾಟಿ, ಬಾತ್‌ರೂಮಿನ ಗೋಡೆ ದಾಟಿ ಒಳಗೆ ಹೋದರೆ ಸಿಗ್ನಲ್ ಮೈನಸ್ 80 ಡಿಬಿಎಂಗೆ ಇಳಿಯುತ್ತದೆ (ಇದು ಸಿಗ್ನಲ್ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ). ವಿಡಿಯೊ ಕಾಲ್ ನೆಟ್ಟಗೆ ನಡೆಯಲು ಮೈನಸ್ 67ರ ಆಸುಪಾಸಾದರೂ ಬೇಕು. ಅಂದರೆ ತೊಂದರೆ ಇರುವುದು ಹೊರಗಿನಿಂದ ಬರುವ ಲೈನಿನಲ್ಲಿ ಅಲ್ಲ, ನಮ್ಮ ಗೋಡೆಗಳಲ್ಲಿ ಮತ್ತು ನಮ್ಮ ನಮ್ಮ ರೂಟರ್‌ಗಳ ನಡುವಿನ ಜಗಳದಲ್ಲಿ. ಈ ಜಗಳ ಒಬ್ಬರೇ ಬಿಡಿಸುವಂಥದ್ದಲ್ಲ.

ಬಿ-203
ನಮ್ಮದು 300 ಎಂಬಿಪಿಎಸ್ ಪ್ಲಾನ್. ಲ್ಯಾಪ್‌ಟಾಪಿಗೆ ವೈರ್ ಚುಚ್ಚಿ ನೋಡಿದರೂ 94ರ ಮೇಲೆ ಏರುವುದೇ ಇಲ್ಲ. ಇದಕ್ಕೂ ಗೋಡೆ ಕಾರಣವಾ?

ಬಿ-604
ಇಲ್ಲ, ನಿಮ್ಮದು ಬೇರೆ ಕಥೆ. 94 ಎಂದರೆ ಎಲ್ಲೋ 100 ಎಂಬಿಪಿಎಸ್‌ನ ತಡೆ ಇದೆ ಎಂದೇ ಅರ್ಥ. 100ರ ಪೋರ್ಟ್‌ನಿಂದ ಕೈಗೆ ಸಿಗುವುದು ಅಷ್ಟೇ. ಎರಡು ಕಡೆ ನೋಡಿ. ಒಂದು, ರೂಟರ್ ಹಿಂದಿನ ಪೋರ್ಟ್ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ನದ್ದು, ಹೌದೋ ಅಲ್ಲವೋ. ಇನ್ನೊಂದು, ವೈರಿನ ತುದಿಯ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ಬಣ್ಣದ ಎಳೆಗಳನ್ನು ಎಣಿಸಿ. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು. ಎಷ್ಟೋ ಕಡೆ ನಾಲ್ಕೇ ಎಳೆ ಒತ್ತಿ ಹೋಗಿರುತ್ತಾರೆ. ಹಾಗಿದ್ದರೆ ನೀವು 300ಕ್ಕೆ ದುಡ್ಡು ಕೊಟ್ಟು 100 ಬಳಸುತ್ತಿದ್ದೀರಿ.

ಬಿ-203
ಈಗಷ್ಟೇ ನೋಡಿದೆ. ನಾಲ್ಕೇ ಇವೆ! ನಾಳೆಯೇ ಬದಲಾಯಿಸುತ್ತೇನೆ.

ಬಿ-101
ಹಾಲ್‌ನಿಂದ ವೈಫೈ ಒಳಗೆ ಬರಲಿ ಅಂತ ಮಗ ರಿಪೀಟರ್ (ಸಿಗ್ನಲ್ ಮುಂದಕ್ಕೆ ದಾಟಿಸುವ ಡಬ್ಬಿ) ತಂದು ಹಾಕಿದ. ಕಡ್ಡಿಗಳು ಫುಲ್ ತೋರಿಸುತ್ತವೆ, ವೇಗ ಮಾತ್ರ ಇಲ್ಲ. ಯಾಕೆ ಅಂತ ಯಾರಾದರೂ ಹೇಳಿ.

ಬಿ-604
ಕಾಕಾ, ಸಾಮಾನ್ಯ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಳ್ಳಬೇಕು, ಅದರಲ್ಲೇ ಮತ್ತೆ ಹೇಳಬೇಕು. ಹಾಗಾಗಿ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅದೂ ಬೆಡ್‌ರೂಮಿನಲ್ಲಿ, ಸಿಗ್ನಲ್ ಮೊದಲೇ ಸೊರಗಿದ ಜಾಗದಲ್ಲಿ ಇಟ್ಟಿದ್ದರೆ ಅದು ಸೊರಗಿದ್ದನ್ನೇ ಮುಂದಕ್ಕೆ ದಾಟಿಸುತ್ತದೆ. ಕಡ್ಡಿ ತೋರಿಸುವುದು ನಿಮ್ಮ ಫೋನ್ ಮತ್ತು ರಿಪೀಟರ್ ನಡುವಿನ ನಂಟನ್ನು ಮಾತ್ರ. ಸದ್ಯಕ್ಕೆ ಅದನ್ನು ಪ್ಯಾಸೇಜಿಗೆ, ರೂಟರ್ ಚೆನ್ನಾಗಿ ಸಿಗುವ ಕಡೆಗೆ ತನ್ನಿ. ಹಳೇ ರೂಟರ್ ಬಿದ್ದಿದ್ದರೆ ಎಸೆಯಬೇಡಿ, ಅದರಿಂದ ಕೆಲಸ ಇದೆ.

ಬಿ-703
ನಮ್ಮ ರೂಟರ್ ಟಿವಿ ಹಿಂದೆ, ಕಬ್ಬಿಣದ ಕಪಾಟಿಗೆ ಒತ್ತಿಕೊಂಡಿದೆ. ನೆಟ್‌ನ ಫೈಬರ್ ಕೇಬಲ್ ಕಿಟಕಿ ಗ್ರಿಲ್‌ನಿಂದ ಅಲ್ಲೇ ಒಳಗೆ ಬರುತ್ತದೆ, ಬೇರೆ ದಾರಿ ಇಲ್ಲ.

ಬಿ-402
ಅಕ್ಕಾ, ಫೈಬರ್ ಡಬ್ಬಿ ಅಲ್ಲೇ ಇರಲಿ. ಅಲ್ಲಿಂದ ಒಂದು ಲ್ಯಾನ್ ವೈರ್ ಎಳೆದು ರೂಟರನ್ನು ಮನೆಯ ಮಧ್ಯಕ್ಕೆ, ಎದೆಮಟ್ಟಕ್ಕಿಂತ ಮೇಲೆ ತನ್ನಿ. ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ನೀರಿನ ಟ್ಯಾಂಕು ಇವು ಸಿಗ್ನಲ್‌ಗೆ ದೊಡ್ಡ ಅಡ್ಡಿ. ಇಷ್ಟು ಮಾಡಿದರೇ ಅರ್ಧ ದೂರು ಕಡಿಮೆಯಾಗುತ್ತದೆ, ದುಡ್ಡೂ ಜಾಸ್ತಿ ಬೇಡ.

ಈಗ ಎಲ್ಲರೂ ಸೇರಿ ಮಾಡಬೇಕಾದ್ದು. ವೈಫೈ ಓಡುವ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ (ರೇಡಿಯೊ ಅಲೆಗಳ ಪಟ್ಟಿ) ನಮ್ಮ ದೇಶದಲ್ಲಿ 13 ಚಾನೆಲ್, ಅಂದರೆ ಓಣಿಗಳು, ಇದ್ದರೂ ಅವು ಒಂದರ ಮೇಲೊಂದು ಬಿದ್ದಿವೆ. ಒಂದಕ್ಕೊಂದು ತಾಗದೆ ಒಟ್ಟಿಗೆ ಕೂರುವುದು ಮೂರೇ, ಸಾಮಾನ್ಯವಾಗಿ 1, 6, 11. ನಮ್ಮ ವಿಂಗ್‌ನಲ್ಲಿ ಒಬ್ಬರು 3, ಒಬ್ಬರು 8, ಒಬ್ಬರು 9. ಇದು ಎಲ್ಲಕ್ಕಿಂತ ಕೆಟ್ಟದ್ದು. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಪಾಳಿ ಕಾಯುತ್ತವೆ. ಅರ್ಧ ತಾಗುವ ಚಾನೆಲ್‌ನವು ಪಾಳಿಯನ್ನೂ ಕಾಯದೆ ಒಂದರ ಮಾತನ್ನೊಂದು ಕೆಡಿಸುತ್ತವೆ. ಜೊತೆಗೆ ಕೆಲವು ಮನೆಗಳಲ್ಲಿ ಚಾನೆಲ್‌ನ ಅಗಲ 40 ಮೆಗಾಹರ್ಟ್ಸ್ ಇದೆ. ಇಡೀ ಬ್ಯಾಂಡಿನ ಸುಮಾರು ಅರ್ಧವನ್ನು ಒಂದೇ ಮನೆ ಹಿಡಿದಂತಾಯಿತು.

ನನ್ನ ಸಲಹೆ ಇದು. ಒಂದನೇ ಮಹಡಿಯಲ್ಲಿ 101ರಿಂದ 104ರವರೆಗೆ ಸಾಲಾಗಿ 1, 6, 11, 1. ಎರಡನೇ ಮಹಡಿ 6, 11, 1, 6. ಮೂರನೇ ಮಹಡಿ 11, 1, 6, 11. ನಾಲ್ಕನೇ ಮಹಡಿಯಿಂದ ಮತ್ತೆ ಮೊದಲಿನ ಹಾಗೆ. ಪಕ್ಕದ ಮನೆಗೂ ಮೇಲೆ ಕೆಳಗಿನ ಮನೆಗೂ ಒಂದೇ ನಂಬರ್ ಬರುವುದಿಲ್ಲ. ಅಗಲ 20ಕ್ಕೆ ಇಡೋಣ. ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲವನ್ನೂ ವೈಫೈಯ ಇನ್ನೊಂದು ಬ್ಯಾಂಡ್ ಆದ 5 ಗಿಗಾಹರ್ಟ್ಸ್‌ಗೆ ಹಾಕೋಣ. 2018ರಿಂದ ಆ ಕಡೆ 605 ಮೆಗಾಹರ್ಟ್ಸ್ ಜಾಗ ಲೈಸೆನ್ಸ್ ಇಲ್ಲದೆ ಬಳಸಲು ತೆರೆದಿದೆ, ನೂಕುನುಗ್ಗಲು ಇಲ್ಲ. ಆದರೆ ಅದು ಕಾಂಕ್ರೀಟ್ ಗೋಡೆ ದಾಟುವುದರಲ್ಲಿ ಸೋಲುತ್ತದೆ. ಆದ್ದರಿಂದಲೇ ಪ್ರತಿ ಮನೆಯ ಒಳಕೋಣೆಗೂ ಒಂದು ವೈರ್ ಬೇಕು ಅಂತ ನಾನು ಹಟ ಹಿಡಿದಿರುವುದು.

ಬಿ-304
ಒಂದು ನಿಮಿಷ. ನನ್ನ ಮನೆಯ ರೂಟರ್‌ಗೆ ಸೊಸೈಟಿ ಯಾಕೆ ಕೈ ಹಾಕಬೇಕು? ನನ್ನ ಆಫೀಸಿನ ಕೆಲಸ ಎಲ್ಲಾ ಅದರಲ್ಲೇ ಇದೆ. ಪಾಸ್‌ವರ್ಡ್ ಯಾರಿಗೂ ಕೊಡುವುದಿಲ್ಲ.

ಬಿ-402
ಕೊಡಲೂ ಬಾರದು. ಯಾರೂ ಕೇಳುವುದೂ ಇಲ್ಲ. ನಿಮ್ಮ ಚಾನೆಲ್ ನಂಬರ್ ನಿಮಗೆ ಹೇಳುತ್ತೇವೆ, ನಿಮ್ಮ ಕೈಯಾರೆ ನೀವೇ ಹಾಕಿಕೊಳ್ಳಿ. ಬಾರದವರಿಗೆ 604ರವರು ಪಕ್ಕ ನಿಂತು ತೋರಿಸುತ್ತಾರೆ. ಅಂದಹಾಗೆ ರೂಟರ್ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡ್ ಹಾಗೇ ಬಿಟ್ಟಿರುವವರು ದಯವಿಟ್ಟು ಅದೇ ದಿನ ಬದಲಾಯಿಸಿ.

ಬಿ-304
ಹಾಗಾದರೆ ಸರಿ. ನಾನೂ ಸೇರುತ್ತೇನೆ.

ಬಿ-502
ಠಾಣೆಯ ನಮ್ಮ ಹೋಟೆಲಿನಲ್ಲಿ ಇದೇ ಪಾಡಾಗಿತ್ತು. ಮೇಲಿನ ಹಾಲ್‌ನಲ್ಲಿ ಬಿಲ್ಲಿಂಗ್ ಮೆಶಿನ್ ಪದೇ ಪದೇ ನಿಲ್ಲುತ್ತಿತ್ತು. ಕೌಂಟರಿನಿಂದ ಮೇಲಕ್ಕೆ ಕ್ಯಾಟ್ 6 ಲ್ಯಾನ್ ವೈರ್ ಎಳೆಸಿ ಅಲ್ಲೊಂದು ಆಕ್ಸೆಸ್ ಪಾಯಿಂಟ್ (ವೈರಿನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಕೊಡುವ ಡಬ್ಬಿ) ಹಾಕಿಸಿದೆ. ಆಮೇಲೆ ತೊಂದರೆ ಇಲ್ಲ. ಆದರೆ ಮನೆಯೊಳಗೆ ಗೋಡೆ ಒಡೆಸಲು ಯಾರು ಒಪ್ಪುತ್ತಾರೆ?

ಬಿ-402
ಶೆಟ್ರೇ, ಗೋಡೆ ಒಡೆಯುವುದೇ ಬೇಡ. ಹೊರಗಿನ ರಿಪೇರಿ ಮತ್ತು ಪೇಂಟಿಂಗ್‌ಗೆ ಪರಾಂಚಿ (ಕೆಲಸದವರು ನಿಲ್ಲುವ ಅಟ್ಟಣಿಗೆ) ಕಟ್ಟಲಿದ್ದಾರಲ್ಲ, ಆಗಲೇ ಹಾಲ್‌ನ ಕಿಟಕಿಯಿಂದ ಬೆಡ್‌ರೂಮಿನ ಕಿಟಕಿಗೆ ಹೊರಗೋಡೆಯ ಮೇಲೆ ತೆಳುವಾದ ಪಿವಿಸಿ ಪೈಪ್ ಕೂರಿಸಬಹುದು. ಮೇಲೆ ಬಣ್ಣವೂ ಬೀಳುತ್ತದೆ. ಪರಾಂಚಿ ಬಿಚ್ಚಿದ ಮೇಲೆ ಐದನೇ ಮಹಡಿಯ ಹೊರಗೆ ಯಾರನ್ನು ನೇತು ಹಾಕುವುದು, ಹೇಳಿ? ಕರೆಂಟಿನ ವೈರ್ ಇರುವ ಪೈಪಿನಲ್ಲಿ ಮಾತ್ರ ಇದನ್ನು ತುರುಕಬಾರದು. ಹೊರಗೆ ಬಿಸಿಲು ಮಳೆ ತಡೆಯುವ ವೈರನ್ನೇ ಕೇಳಿ ತರೋಣ. ಕ್ಯಾಟ್ 6 ನೂರು ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ, ನಮ್ಮ ಮನೆಗಳಿಗೆ ಅದರ ಕಾಲು ಭಾಗವೂ ಬೇಡ.

ಒಳಕೋಣೆಯ ತುದಿಗೆ ಹಳೇ ರೂಟರ್ ಸಾಕು ಕಾಕಾ. ಅದರ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಸೆಟ್ಟಿಂಗ್) ಆಫ್ ಮಾಡಿ, ಹಾಲ್‌ನ ರೂಟರ್‌ನದ್ದಕ್ಕೆ ತಾಗದಂತೆ ಅದರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ನಂಬರ್) ಬದಲಿಸಿ, ವೈರನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿ, ವೈಫೈ ಹೆಸರು ಮತ್ತು ಪಾಸ್‌ವರ್ಡ್ ಹಾಲ್‌ನದ್ದೇ ಇಡಿ. ಹೊಸದು ತಗೊಳ್ಳುವವರು ಮೆಶ್ (ಹಲವು ಡಬ್ಬಿ ಸೇರಿ ಒಂದೇ ವೈಫೈ ಕೊಡುವ ಸೆಟ್) ತಗೊಂಡರೂ ಅದನ್ನು ಈ ವೈರಿಗೇ ಜೋಡಿಸಿ.

ಬಿ-604
ಟೆರೇಸಿನ ಮಾತೂ ಬರಲಿ. ಎ ವಿಂಗ್‌ನಿಂದ ನಮ್ಮ ಕಡೆಗೆ ಗಾಳಿಯಲ್ಲಿ ನೇತಾಡುವ ತಾಮ್ರದ ಲ್ಯಾನ್ ವೈರ್‌ಗಳಿವೆ. ಮಳೆಗಾಲದಲ್ಲಿ ಹತ್ತಿರ ಎಲ್ಲಾದರೂ ಸಿಡಿಲು ಬಡಿದರೆ ಆ ವೈರಿನಲ್ಲೇ ಝಟಕಾ ಬಂದು ರೂಟರ್‌ನ ಪೋರ್ಟ್ ಸುಡುತ್ತದೆ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಎರಡೂ ವಿಂಗ್ ನಡುವೆ ಫೈಬರ್ ಹಾಕದೆ ಕೇಬಲ್‌ನವರಿಗೆ ಹೊಸ ಪರವಾನಗಿ ಇಲ್ಲ ಅಂತ ಸೊಸೈಟಿ ಬರೆದು ಕೊಡಲಿ. ಲಾಬಿಯಲ್ಲಿರುವ ಕೇಬಲ್‌ನವರ ಸ್ವಿಚ್ಚಿಗೆ (ಮನೆಮನೆಗೆ ನೆಟ್ ಹಂಚುವ ಡಬ್ಬಿ) ಯುಪಿಎಸ್ ಹಾಕಿಸುವುದನ್ನೂ ಸೇರಿಸಿ. ಕರೆಂಟ್ ಹೋದಾಗ ನಮ್ಮ ರೂಟರ್ ಇನ್ವರ್ಟರ್‌ನಲ್ಲಿ ಉರಿಯುತ್ತಾ ಇರುತ್ತದೆ, ಕೆಳಗಿನ ಸ್ವಿಚ್ ಸತ್ತಿರುತ್ತದೆ.

ಬಿ-703
ನಮ್ಮ ವಿಂಗ್‌ನಲ್ಲಿ ಮರಾಠಿ, ಗುಜರಾತಿ ಮನೆಗಳೇ ಜಾಸ್ತಿ. ಅವರು ಸೇರದಿದ್ದರೆ ಚಾನೆಲ್ ಲೆಕ್ಕ ಕೂಡುವುದಿಲ್ಲ ಅಲ್ವಾ? ಮರಾಠಿ ನೋಟಿಸ್ ನಾನು ಬರೆಯುತ್ತೇನೆ. ಲಿಫ್ಟ್ ಪಕ್ಕ ಅಂಟಿಸುತ್ತೇನೆ, ಮೇಲಿನ ಮೂರು ಮಹಡಿಗಳ ಮನೆಮನೆಗೂ ಹೋಗಿ ಹೇಳುತ್ತೇನೆ.

ಬಿ-402
ತುಂಬಾ ಉಪಕಾರ ಅಕ್ಕಾ. ಭಾನುವಾರ ಹನ್ನೊಂದಕ್ಕೆ ಕ್ಲಬ್‌ಹೌಸಿನಲ್ಲಿ ಸೇರೋಣ. ಸೆಕ್ರೆಟರಿಗೂ ಪೇಂಟಿಂಗ್ ಕಾಂಟ್ರಾಕ್ಟರ್‌ಗೂ ಹೇಳಿದ್ದೇನೆ. ಪೈಪ್ ಬೇಕಾದವರು ಮನೆ ನಂಬರ್, ಯಾವ ಕಿಟಕಿಯಿಂದ ಯಾವ ಕಿಟಕಿಗೆ ಅನ್ನುವುದನ್ನು ಶುಕ್ರವಾರದೊಳಗೆ ಇಲ್ಲೇ ಬರೆಯಿರಿ.

ಬಿ-101
101. ಹಾಲ್‌ನಿಂದ ಹಿಂದಿನ ಬೆಡ್‌ರೂಮಿಗೆ.

ಬಿ-304
304. ಅಡುಗೆಮನೆ ಕಿಟಕಿಯಿಂದ ಮೂಲೆಯ ಕೋಣೆಗೆ.